ಆಯಗಾರರ ಸಾಲಿನಲ್ಲಿ ಇಲ್ಲದವರು: ನೇಕಾರ ಸಮುದಾಯಗಳು ಮತ್ತು ಅವುಗಳ ಸಾಮಾಜಿಕ ಗುರುತು

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಹಿಂದಿನ ಕಾಲದ ಕನ್ನಡ ನಾಡಿನ ಹಳ್ಳಿಯನ್ನು ವಿವರಿಸುವಾಗ ನಾವೆಲ್ಲ ಮೊದಲು ಎತ್ತುವುದು ಹನ್ನೆರಡು ಆಯಗಾರರ ಪ್ರಸ್ತಾಪವನ್ನು. ಗೌಡ, ಶಾನುಭೋಗ, ತಳವಾರ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ನೀರಗಂಟಿ ಹೀಗೆ ಆ ಪಟ್ಟಿ ಸಾಗುತ್ತದೆ. ಸೀಮೆಯಿಂದ ಸೀಮೆಗೆ ಒಂದೆರಡು ಹೆಸರು ಬದಲಾದರೂ ಅದರ ಸ್ವರೂಪ ಒಂದೇ. ಕಣದಲ್ಲಿ ರಾಶಿ ಬಿದ್ದಾಗ ಇಂತಿಂಥವರಿಗೆ ಇಷ್ಟಿಷ್ಟು ಆಯ ಎಂದು ಅಳೆದುಕೊಡುವ ಪದ್ಧತಿ ಅದು. ಈ ಪಟ್ಟಿಯಲ್ಲಿ ನೇಕಾರ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಊರಿಗೆಲ್ಲ ಬಟ್ಟೆ ಬೇಕು, ಮದುವೆಗೂ ಬೇಕು, ಮಸಣಕ್ಕೂ ಬೇಕು. ಆದರೂ ಬಟ್ಟೆ ನೇಯುವವನಿಗೆ ಕಣದಲ್ಲಿ ಪಾಲಿಲ್ಲ. ಅವನು ನೇಯ್ದದ್ದು ಸಂತೆಗೆ ಹೋಗುತ್ತಿತ್ತು, ವ್ಯಾಪಾರಿಯ ಕೈಗೆ ಹೋಗುತ್ತಿತ್ತು, ಅಲ್ಲಿಂದ ಅವನಿಗೆ ಹಣ ಬರುತ್ತಿತ್ತು. ನೇಕಾರ ಸಮುದಾಯಗಳ ಸಾಮಾಜಿಕ ಗುರುತನ್ನು ಕುರಿತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ. ಊರಿನ ಆಯದ ಲೆಕ್ಕದಲ್ಲಿ ಸ್ಥಾನವಿದ್ದವನ ಅಂತಸ್ತನ್ನು, ಅದು ಮೇಲಿನದಾಗಲಿ ಕೆಳಗಿನದಾಗಲಿ, ಊರೇ ಗೊತ್ತುಮಾಡಿಬಿಡುತ್ತಿತ್ತು. ಆ ಲೆಕ್ಕದಿಂದ ಹೊರಗುಳಿದ ನೇಕಾರನಾದರೋ ತನ್ನ ಅಂತಸ್ತನ್ನು ತಾನೇ ಕಟ್ಟಿಕೊಳ್ಳಬೇಕಾಯಿತು. ಪುರಾಣ, ಗುಡಿ, ರಾಜಶಾಸನ, ಕೊನೆಗೆ ಸರ್ಕಾರಕ್ಕೆ ಸಲ್ಲಿಸುವ ಮನವಿ, ಇವೆಲ್ಲ ಆ ಕಟ್ಟುವಿಕೆಯ ಸಾಧನಗಳು.

ಊರಿನ ಲೆಕ್ಕದಲ್ಲಿ ಇಲ್ಲದವನು ಅರಸನ ಲೆಕ್ಕದಲ್ಲಿ ಖಂಡಿತವಾಗಿ ಇದ್ದನು. ಮಗ್ಗದ ಮೇಲೆ ವಿಧಿಸುತ್ತಿದ್ದ ಮಗ್ಗದೆರೆಯ ಉಲ್ಲೇಖ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಸದಾಗಿ ಪೇಟೆ ಕಟ್ಟಿದಾಗ ನೇಕಾರರನ್ನು ಕರೆತಂದು ನೆಲೆಗೊಳಿಸಲು ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಿದ್ದ ಪದ್ಧತಿ ವಿಜಯನಗರದ ಕಾಲದಲ್ಲಿ ಚೆನ್ನಾಗಿಯೇ ಕಾಣಿಸುತ್ತದೆ. ರೈತನಿಗೆ ನೆಲ ಬಿಟ್ಟುಹೋಗುವುದು ಕಷ್ಟ. ನೇಕಾರನಿಗೆ ಬೇಕಾದದ್ದು ನೂಲು, ನೀರು, ಕೊಳ್ಳುವವರು. ಈ ಮೂರೂ ಇರುವಲ್ಲಿ ಅವನು ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಬಲ್ಲ. ಹೀಗಾಗಿ ದಕ್ಷಿಣ ಭಾರತದ ನೇಕಾರ ಸಮುದಾಯಗಳ ಚರಿತ್ರೆ ಬಹುಮಟ್ಟಿಗೆ ವಲಸೆಯ ಚರಿತ್ರೆ.

ಉತ್ತರದಲ್ಲಿಯೂ ಇದಕ್ಕೆ ಒಂದು ಬಲು ಹಳೆಯ ಸಾಕ್ಷ್ಯವಿದೆ. ಇಂದಿನ ಮಧ್ಯಪ್ರದೇಶದ ಮಂದಸೋರ್‌ನಲ್ಲಿ, ಅಂದರೆ ಆಗಿನ ದಶಪುರದಲ್ಲಿ, ದೊರೆತಿರುವ 5ನೆಯ ಶತಮಾನದ ಸಂಸ್ಕೃತ ಶಾಸನವನ್ನು ವತ್ಸಭಟ್ಟಿ ಎಂಬ ಕವಿ ರಚಿಸಿದ್ದಾನೆ. ಗುಜರಾತಿನ ಲಾಟ ದೇಶದಿಂದ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯೊಂದು, ಎಂದರೆ ಕಸುಬಿನವರ ಸಂಘವೊಂದು, ಮಾಲವ ಶಕೆ 493ರಲ್ಲಿ, ಎಂದರೆ ಕ್ರಿ.ಶ. 436-37ರ ಸುಮಾರಿಗೆ, ಅಲ್ಲಿ ಸೂರ್ಯ ದೇವಾಲಯವನ್ನು ಕಟ್ಟಿಸಿತು. ಸುಮಾರು ಮೂವತ್ತಾರು ವರ್ಷಗಳ ತರುವಾಯ ಅದೇ ಶ್ರೇಣಿ ಅದನ್ನು ಜೀರ್ಣೋದ್ಧಾರ ಮಾಡಿಸಿತು. ಗುಡಿ ಕಟ್ಟಿಸಿದ ನೇಕಾರರು ಎಂಬುದಷ್ಟೇ ಇಲ್ಲಿನ ವಿಶೇಷವಲ್ಲ. ವಲಸೆ ಬಂದವರಲ್ಲಿ ಕೆಲವರು ಬಿಲ್ವಿದ್ಯೆಯನ್ನು ಹಿಡಿದರು, ಕೆಲವರು ಕಥೆ ಹೇಳುವವರಾದರು, ಕೆಲವರು ಜ್ಯೋತಿಷಿಗಳಾದರು, ಉಳಿದವರು ತಮ್ಮ ನೇಯ್ಗೆಯಲ್ಲೇ ಮುಂದುವರಿದರು ಎಂದು ಶಾಸನ ಹೇಳುತ್ತದೆ. ಅಷ್ಟಾದರೂ ಅವರೆಲ್ಲರೂ ತಮ್ಮನ್ನು ಆ ರೇಷ್ಮೆ ನೇಕಾರರ ಶ್ರೇಣಿಯವರೆಂದೇ ಕರೆದುಕೊಂಡರು. ಕಸುಬು ಬಿಟ್ಟರೂ ಕಸುಬಿನ ಹೆಸರು ಬಿಡದ ಈ ಸ್ಥಿತಿಯನ್ನು ನಾವು ಯಂತ್ರಯುಗದ ಪರಿಣಾಮವೆಂದು ಬಗೆಯುತ್ತೇವೆ. ಅದು ಸಾವಿರದೈನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ದಾಖಲಾಗಿದೆ.

ಇನ್ನು ನೇಕಾರರೆಂದರೆ ಯಾರು? ನೇಯುವವರೆಲ್ಲರೂ ನೇಕಾರರೆಂದರೆ ಲೆಕ್ಕ ತಪ್ಪುತ್ತದೆ. ಕಂಬಳಿ ನೇಯುವ ಕುರುಬರನ್ನು ಯಾರೂ ನೇಕಾರ ಜಾತಿಯವರೆನ್ನುವುದಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಒರಟು ಹತ್ತಿ ಬಟ್ಟೆಯನ್ನು ನೇಯುತ್ತಿದ್ದವರಲ್ಲಿ ಹೊಲೆಯ ಸಮುದಾಯದವರು ಅನೇಕರಿದ್ದರು; ಅದು ಅವರ ಜೀವನೋಪಾಯವಾಗಿತ್ತೇ ಹೊರತು ಅದರಿಂದ ಅವರಿಗೆ ನೇಕಾರರೆಂಬ ಹೆಸರೂ ಬರಲಿಲ್ಲ, ಅಸ್ಪೃಶ್ಯತೆಯ ನೋವೂ ತಪ್ಪಲಿಲ್ಲ. ಹಾಗಿದ್ದ ಮೇಲೆ ನೇಕಾರ ಜಾತಿಗಳ ಗುರುತು ಮಗ್ಗದಿಂದಲೇ ಹುಟ್ಟಿತೆನ್ನುವುದು ಅರ್ಧ ಸತ್ಯ. ದೇವರಿಗೆ ಉಡಿಸಬಹುದಾದ, ಅರಮನೆಗೆ ಹೋಗಬಹುದಾದ, ದೂರದ ಪೇಟೆಯಲ್ಲಿ ಬೆಲೆ ಬಾಳುವ ಬಟ್ಟೆಯನ್ನು ನೇಯುವವರು ತಮ್ಮ ಸುತ್ತ ಎಳೆದುಕೊಂಡ ಗೆರೆಯೂ ಅದರಲ್ಲಿ ಸೇರಿದೆ. ನೇಕಾರ ಸಮುದಾಯಗಳ ಸಭೆಗಳಲ್ಲಿ ಈ ಮಾತು ಅಷ್ಟಾಗಿ ಕೇಳಿಬರುವುದಿಲ್ಲವಾದ್ದರಿಂದ ಇಲ್ಲಿ ಬೇಕೆಂದೇ ಹೇಳುತ್ತಿದ್ದೇನೆ.

ಆ ಗೆರೆಯ ಒಳಗೂ ಒಂದೇ ಜಾತಿಯಿಲ್ಲ. ಕರ್ನಾಟಕದಲ್ಲಿ ದೇವಾಂಗ, ಪದ್ಮಸಾಲಿ, ಪಟ್ಟಸಾಲಿ, ಕುರುಹಿನಶೆಟ್ಟಿ, ಬಿಳಿಮಗ್ಗ, ಹಟಗಾರ, ತೊಗಟ, ಸ್ವಕುಳಸಾಳಿ ಮುಂತಾದವರಿದ್ದಾರೆ. ಗದಗ-ಬೆಟಗೇರಿ, ಹುಬ್ಬಳ್ಳಿಗಳ ಕಡೆ ನೇಯ್ಗೆ ಹಾಗೂ ಜವಳಿಯಲ್ಲಿ ಹೆಸರಾದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರಿದ್ದಾರೆ. ಕರಾವಳಿಯಲ್ಲಿ ಪದ್ಮಶಾಲಿಗಳು ಶೆಟ್ಟಿಗಾರರೆಂದು ಪರಿಚಿತರು. ಇವರಲ್ಲಿ ಲಿಂಗ ಕಟ್ಟುವವರಿದ್ದಾರೆ, ಜನಿವಾರ ಹಾಕುವವರಿದ್ದಾರೆ. ದೇವಾಂಗರೊಳಗೇ ಶಿವಾಚಾರದವರು ಹಾಗೂ ಕುಲಾಚಾರದವರು ಎಂಬ ಎರಡು ನಡೆಗಳಿದ್ದವು. ಮನೆಮಾತು ಕೆಲವರದು ಕನ್ನಡ, ಕೆಲವರದು ತೆಲುಗು, ಕೆಲವರದು ಮರಾಠಿ.

ಪುರಾಣಗಳಿಗೆ ಬರುತ್ತೇನೆ. ದೇವಾಂಗರ ಮೂಲಪುರುಷ ದೇವಲ ಮಹರ್ಷಿ. ಲೋಕವೆಲ್ಲ ಬತ್ತಲೆಯಿದ್ದಾಗ ಮಾನ ಮುಚ್ಚುವುದಕ್ಕಾಗಿ ಶಿವನು ಅವನನ್ನು ಸೃಷ್ಟಿಸಿದನು. ಅವನು ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲನ್ನು ತಂದನು. ದಾರಿಯಲ್ಲಿ ರಾಕ್ಷಸರು ಅಡ್ಡಗಟ್ಟಿದಾಗ ಚೌಡೇಶ್ವರಿ ಪ್ರತ್ಯಕ್ಷಳಾಗಿ ಅವರನ್ನು ಸಂಹರಿಸಿದಳು. ಬೇರೆ ಬೇರೆ ಬಣ್ಣದ ಅವರ ರಕ್ತದಲ್ಲಿ ಅದ್ದಿದ ನೂಲೇ ಮೊದಲ ಬಣ್ಣದ ನೂಲಾಯಿತು. ಪದ್ಮಸಾಲಿಗಳು ಮಾರ್ಕಂಡೇಯನ ವಂಶದ ಭಾವನಾಋಷಿಯನ್ನು ನೆನೆಯುತ್ತಾರೆ. ಅವನೂ ತಾವರೆಯ ನಾರಿನಿಂದಲೇ ದೇವತೆಗಳಿಗೆ ಬಟ್ಟೆ ನೇಯ್ದವನು. ಸ್ವಕುಳಸಾಳಿಗಳ ಜಿಹ್ವೇಶ್ವರನು ಶಿವನ ನಾಲಗೆಯಿಂದ ಹುಟ್ಟಿದವನು. ಸಹಸ್ರಾರ್ಜುನ ಕ್ಷತ್ರಿಯರು ತಮ್ಮ ಹೆಸರಿನಲ್ಲೇ ಪುರಾಣದ ಸಾವಿರ ತೋಳಿನ ಅರಸ ಕಾರ್ತವೀರ್ಯಾರ್ಜುನನನ್ನು ಇಟ್ಟುಕೊಂಡಿದ್ದಾರೆ. ವಿವರಗಳು ಬೇರೆಬೇರೆಯಾದರೂ ಈ ಕಥೆಗಳು ಉತ್ತರಿಸುವ ಪ್ರಶ್ನೆ ಒಂದೇ: ಕೈಗೆ ಗಂಜಿ ಮೆತ್ತಿಕೊಂಡು, ಕುಣಿಯಲ್ಲಿ ಕಾಲಿಳಿಸಿ ದುಡಿಯುವವನಿಗೆ ಜನಿವಾರ ಹೇಗೆ ಬಂತು, ಅವನ ಕಸುಬಿಗೆ ಪಾವಿತ್ರ್ಯ ಎಲ್ಲಿಂದ ಬಂತು? ನೂಲನ್ನು ಹೊಲದ ಹತ್ತಿಯಿಂದ ತರದೆ ದೇವರ ಮೈಯಿಂದಲೋ ತಾವರೆಯಿಂದಲೋ ತಂದರೆ ಆ ಪ್ರಶ್ನೆ ಬಗೆಹರಿಯುತ್ತದೆ. ಪುರಾಣವನ್ನು ಸುಳ್ಳೆಂದು ತಳ್ಳುವವರೂ ಇತಿಹಾಸವೆಂದು ಹಿಡಿಯುವವರೂ ಈ ಕೆಲಸವನ್ನು ಗಮನಿಸದೆ ಹೋಗುತ್ತಾರೆ.

ದೇವಾಂಗ ಪುರಾಣದ ಪ್ರಕಾರ ದೇವಲನಿಗೆ ಏಳು ಅವತಾರಗಳು. ಏಳನೆಯದು ದೇವಲ ದಾಸಿಮಯ್ಯ. ಇತ್ತ ವಚನ ಸಾಹಿತ್ಯದ ಚರಿತ್ರೆಯಲ್ಲಿ ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯನಿದ್ದಾನೆ. ರಾಮನಾಥ ಅವನ ಅಂಕಿತ. ಬಸವಣ್ಣನವರಿಗಿಂತ ಹಿಂದಿನ, ವಚನಕಾರರಲ್ಲಿ ತೀರ ಮೊದಲಿಗನೆಂದು ವಿದ್ವಾಂಸರು ಎಣಿಸುವ ನೇಕಾರ. ಜೇಡರ ದಾಸಿಮಯ್ಯ ಮತ್ತು ದೇವರ ದಾಸಿಮಯ್ಯ ಒಬ್ಬರೇ, ಇಬ್ಬರೇ ಎಂಬ ಚರ್ಚೆಯನ್ನು ಕನ್ನಡದ ಪಂಡಿತರು ಬಹುಕಾಲ ನಡೆಸಿದ್ದಾರೆ. ಆ ಚರ್ಚೆಯ ಹಿಂದೆ ಹಸ್ತಪ್ರತಿಗಳ ತೊಡಕಷ್ಟೇ ಇರಲಿಲ್ಲ, ಅವನು ನಮ್ಮವನು ಎನ್ನುವ ಸಮುದಾಯಗಳ ಹಕ್ಕುದಾರಿಕೆಯೂ ಇತ್ತು. ಈಗ ರಾಜ್ಯ ಸರ್ಕಾರವೇ ದೇವರ ದಾಸಿಮಯ್ಯ ಜಯಂತಿಯನ್ನು ಆಚರಿಸುತ್ತದೆ. ನನ್ನ ಗಮನವಿರುವುದು ಬೇರೆ ಕಡೆ. ಆ ವಚನಕಾರನು ತನ್ನ ಮಗ್ಗವನ್ನು ಕುರಿತು ಹಾಡಿದಲ್ಲಿ ಉಂಕೆ, ಲಾಳಿ, ಕಂಡಿಕೆಯೆಂಬ ಮಗ್ಗದ ನೂಲು-ಸಲಕರಣೆಗಳಿವೆ, ನೇಯ್ದವನು ನಾನೋ ದೇವನೋ ಎಂಬ ಪ್ರಶ್ನೆಯಿದೆ. ಋಷಿಮೂಲವಾಗಲಿ ಗೋತ್ರವಾಗಲಿ ಅಲ್ಲಿಲ್ಲ. ಕಸುಬು ತನ್ನ ಬಲದಿಂದಲೇ ನಿಂತಿರುವ ಅಪರೂಪದ ಪಠ್ಯ ಅದು. ತರುವಾಯದ ಪುರಾಣ ಅವನನ್ನೂ ಎತ್ತಿಕೊಂಡು ಏಳನೆಯ ಅವತಾರವನ್ನಾಗಿ ಮಾಡಿತು.

ಕಥೆ ಕಟ್ಟಿಕೊಂಡರೆ ಸಾಲದು, ಬೀದಿಯಲ್ಲಿ ಅದು ಸಲ್ಲಬೇಕು. ತಮಿಳುನಾಡಿನ ಕೈಕ್ಕೋಳರು, ಎಂದರೆ ಇಂದಿನ ಸೆಂಗುಂದರು, ಚೋಳರ ಕಾಲದಲ್ಲಿ ನೇಯ್ಗೆಯ ಜೊತೆಗೆ ಸೈನ್ಯದ ಪಡೆಗಳಲ್ಲಿಯೂ ಇದ್ದವರು. ವಿಜಯನಗರದ ಕಾಲಕ್ಕೆ, 15ನೆಯ ಶತಮಾನದ ಕೊನೆಯ ಹೊತ್ತಿಗೆ, ಅವರು ಪಡೆದುಕೊಂಡ ಹಕ್ಕುಗಳನ್ನು ಗುಡಿಗಳ ಶಾಸನಗಳು ದಾಖಲಿಸುತ್ತವೆ: ಶುಭಾಶುಭ ಕಾರ್ಯಗಳಲ್ಲಿ ದಂಡಿಗೆಯಲ್ಲಿ ಕೂರುವುದು ಮತ್ತು ಶಂಖ ಊದಿಸುವುದು. ನಮಗೆ ಇವು ಚಿಕ್ಕ ವಿಷಯಗಳಂತೆ ತೋರಬಹುದು. ಯಾರ ಮೆರವಣಿಗೆ ಯಾವ ಬೀದಿಯಲ್ಲಿ, ಯಾವ ವಾದ್ಯದೊಡನೆ ಹೋಗಬೇಕು ಎಂಬುದಕ್ಕೆ ಬಲಗೈ, ಎಡಗೈ ಎಂದು ಜಾತಿಗಳು ಎರಡು ಬಣಗಳಾಗಿ ನಿಂತಿದ್ದ ಪಣಗಳ ನಡುವೆ ಹೊಡೆದಾಟಗಳಾಗುತ್ತಿದ್ದ ಕಾಲದಲ್ಲಿ ಅವು ಚಿಕ್ಕವಾಗಿರಲಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಪಣಗಳನ್ನು ಪಟ್ಟಿಮಾಡುತ್ತ ದೇವಾಂಗರನ್ನು ಕಮ್ಮಾರ, ಬಡಗಿ, ಅಕ್ಕಸಾಲಿ ಮೊದಲಾದ ಪಾಂಚಾಳರೊಂದಿಗೆ ಎಡಗೈಯಲ್ಲೂ ಪದ್ಮಸಾಲಿಗಳನ್ನು ಬಲಗೈಯಲ್ಲೂ ಸೇರಿಸುತ್ತಾನೆ. ಒಂದೇ ಕಸುಬಿನ ಎರಡು ಸಮುದಾಯಗಳು ಎದುರುಬದುರು ನಿಂತಿದ್ದವು. ಕಸುಬು ಒಂದೆಂಬ ಕಾರಣಕ್ಕೆ ಒಗ್ಗಟ್ಟು ತಾನಾಗಿ ಬರುತ್ತದೆ ಎನ್ನುವವರು ಆ ಪಟ್ಟಿಯನ್ನೊಮ್ಮೆ ನೋಡಬೇಕು.

ಮದುರೆಯ ಸೌರಾಷ್ಟ್ರರ ಪ್ರಸಂಗ ಇನ್ನೂ ಸ್ವಾರಸ್ಯಕರವಾದದ್ದು. ಗುಜರಾತಿ ಮೂಲದ ಭಾಷೆಯಾಡುವ, ಪಟ್ನೂಲ್ಕಾರರೆಂದು ಕರೆಸಿಕೊಂಡ ಈ ರೇಷ್ಮೆ ನೇಕಾರರು ಜನಿವಾರ ಬದಲಿಸುವ ಉಪಾಕರ್ಮವನ್ನು ಮಾಡಿಕೊಂಡದ್ದಕ್ಕೆ ಅವರಲ್ಲಿ ಹದಿನೆಂಟು ಮಂದಿಯನ್ನು ಅಧಿಕಾರಿಗಳು ಸೆರೆಹಿಡಿದರು. ವಿಷಯ ಆಗ ಮದುರೆಯನ್ನು ಆಳುತ್ತಿದ್ದ ರಾಣಿ ಮಂಗಮ್ಮಾಳಳ ಮುಂದೆ ಬಂದಾಗ ಆಕೆ ಶಾಸ್ತ್ರ ಬಲ್ಲವರ ಸಭೆ ಸೇರಿಸಿ, ಅವರಿಗೆ ಆ ಕರ್ಮದ ಅಧಿಕಾರವುಂಟೆಂದು 18ನೆಯ ಶತಮಾನದ ಆರಂಭದಲ್ಲಿ ಆಜ್ಞೆ ಹೊರಡಿಸಿದಳು. ತಾಳೆಗರಿಯ ಆ ಆಜ್ಞೆಯನ್ನು ಸಮುದಾಯ ಜೋಪಾನವಾಗಿ ಇರಿಸಿಕೊಂಡು, ಬ್ರಿಟಿಷರ ಕಾಲದಲ್ಲಿ ತಮ್ಮ ಬ್ರಾಹ್ಮಣ್ಯದ ವಾದಕ್ಕೆ ಆಧಾರವಾಗಿ ಮುಂದಿಟ್ಟಿತು.

ಮನೆಯ ಒಳಗನ್ನೂ ನೋಡಬೇಕು, ಏಕೆಂದರೆ ಜಾತಿಯನ್ನು ಕಾಪಾಡಿಕೊಂಡು ಬಂದದ್ದು ಶಾಸನಗಳಿಗಿಂತ ಹೆಚ್ಚಾಗಿ ಮದುವೆ. ಇಳಕಲ್ ಸೀರೆಯನ್ನು ತೆಗೆದುಕೊಳ್ಳಿ. ಅದರ ಒಡಲಿನ ಹಾಸು, ಎಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು, ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ತೂರಿಸಿ, ಒಂದೊಂದಾಗಿ ಎಲ್ಲ ಎಳೆಗಳನ್ನೂ ಜೋಡಿಸಬೇಕು. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಒಂದು ಸೀರೆಗೆ ಹಾಕಿದ ಕೊಂಡಿ ಇನ್ನೊಂದಕ್ಕೆ ಬರುವುದಿಲ್ಲವಾದ್ದರಿಂದ ಪ್ರತಿ ಸೀರೆಗೂ ಈ ಕೆಲಸವನ್ನು ಹೊಸದಾಗಿ ಮಾಡಬೇಕು. ನೂಲು ಸುತ್ತುವುದು, ಕಂಡಿಕೆ ಸುತ್ತುವುದು, ಬಿಸಿಲೇರುವ ಮುಂಚೆ ಓಣಿಯಲ್ಲಿ ಹಾಸನ್ನು ಉದ್ದಕ್ಕೆ ಹರಡಿ ಗಂಜಿ ಹಚ್ಚಿ ಕುಂಚದಿಂದ ಎಳೆಗಳನ್ನು ಬಿಡಿಸುವುದು, ಕೊಂಡಿ ಹಾಕುವುದು, ಇವೆಲ್ಲ ಮುಗಿದ ಮೇಲೆಯೇ ಮಗ್ಗಕ್ಕೆ ಕೂರುವುದು. ಮಗ್ಗದಲ್ಲಿ ಕೂತವನು ಒಬ್ಬನಾದರೆ ಅವನ ಹಿಂದೆ ದುಡಿಯುವ ಕೈಗಳು ನಾಲ್ಕಾರು, ಅವುಗಳಲ್ಲಿ ಬಹುಪಾಲು ಹೆಂಗಸರವು. ನೇಯ್ಗೆ ಅರಿಯದ ಮನೆಯಿಂದ ಸೊಸೆ ತಂದರೆ ಮಗ್ಗವೇ ಕುಂಟುತ್ತಿತ್ತು. ತಮ್ಮವರಲ್ಲೇ ಕೊಡುಕೊಳ್ಳುವಿಕೆ ಎಂಬ ಕಟ್ಟುಪಾಡಿಗೆ ಧರ್ಮದ ವಿವರಣೆ ಏನೇ ಇರಲಿ, ಕಸುಬಿನ ಈ ಕಾರಣ ಬಹಳ ಬಲವಾದದ್ದು. ಆದರೆ ದೇವಲ, ಭಾವನಾಋಷಿ, ಜಿಹ್ವೇಶ್ವರ ಎಂದು ಮೂಲಪುರುಷರನ್ನೇ ಎಣಿಸುವ ಪರಂಪರೆಯಲ್ಲಿ ಕೊಂಡಿ ಹಾಕುವವಳ ಹೆಸರಿಗೆ ಜಾಗವಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ಎಣಿಸಿದ 35 ಲಕ್ಷಕ್ಕೂ ಮಿಕ್ಕ ಕೈಮಗ್ಗ ದುಡಿಮೆಗಾರರಲ್ಲಿ ಶೇ. 70ಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಆ ಸಂಖ್ಯೆಯಲ್ಲಿ ಅಸ್ಸಾಂ ಮೊದಲಾದ ಈಶಾನ್ಯ ರಾಜ್ಯಗಳ ಪಾಲು ದೊಡ್ಡದು, ಅಲ್ಲಿ ನೇಯ್ಗೆ ಒಂದು ಜಾತಿಯ ಕಸುಬಲ್ಲ ಎಂಬುದನ್ನು ಮರೆಯಬಾರದು. ಆದರೆ ನಮ್ಮ ಕಡೆಯ ಓಣಿಗಳಲ್ಲಿಯೂ ಹೆಂಗಸರ ದುಡಿಮೆ ಕಡಿಮೆಯದಲ್ಲ.

ಊರು ಬಿಟ್ಟು ಹೋದವರ ಗುರುತು ಯಾವುದರ ಮೇಲೆ ನಿಂತಿತು? ಕನ್ನಡ ಮನೆಮಾತಿನ ದೇವಾಂಗರು ಸೇಲಂ, ಕೊಯಮತ್ತೂರು, ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿ, ಅರುಪ್ಪುಕ್ಕೋಟೆಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಓದುಬರಹ ತಮಿಳಿನಲ್ಲಿ, ಅಡುಗೆಮನೆಯ ಮಾತು ಕನ್ನಡದಲ್ಲಿ. ಚೌಡೇಶ್ವರಿಯನ್ನು ಕರೆತರುವ ಹಬ್ಬದಲ್ಲಿ ವೀರಕುಮಾರರೆನಿಸಿದ ಯುವಕರು ಕತ್ತಿಯಿಂದ ಎದೆಗೆ, ತೋಳಿಗೆ ಹೊಡೆದುಕೊಳ್ಳುತ್ತ ಮುಂದೆ ಸಾಗುತ್ತಾರೆ. ಕೇರಳದ ತ್ರಿಶ್ಶೂರು ಜಿಲ್ಲೆಯ ಕುತ್ತಾಂಪುಳ್ಳಿಯ ನೇಕಾರರೂ ಕರ್ನಾಟಕ ಮೂಲದ ದೇವಾಂಗರೇ. ಅರಮನೆಯ ಬಟ್ಟೆಗಾಗಿ ಕೊಚ್ಚಿಯ ರಾಜಮನೆತನ ತಮ್ಮ ಹಿರಿಯರನ್ನು ಕರೆಸಿಕೊಂಡಿತೆಂಬುದು ಅವರ ನೆನಪು. ಅವರು ನೇಯುವುದು ಅಪ್ಪಟ ಮಲಯಾಳಿಗಳ ಕಸವು ಸೀರೆ, ಮುಂಡು. ಬಟ್ಟೆಯ ಮಾದರಿ ಕೊಳ್ಳುವವನದ್ದಾಯಿತು. ದೇವಿ ಮತ್ತು ಮನೆಮಾತು ತಮ್ಮದಾಗಿ ಉಳಿದವು.

19ನೆಯ ಶತಮಾನದಲ್ಲಿ ಗಿರಣಿ ನೂಲು ಬಂದಮೇಲೆ ನೂಲುವ ಕೆಲಸ ಮನೆಗಳಿಂದ ಹೊರಬಿತ್ತು. ನೂಲು ಕೊಳ್ಳಲು ಕೈಯಲ್ಲಿ ಹಣ ಬೇಕು. ಹಣವಿದ್ದವನು ನೂಲು ಕೊಟ್ಟು, ಬಟ್ಟೆ ಪಡೆದು, ಮಜೂರಿ ಕೊಡತೊಡಗಿದನು. ಮಗ್ಗ ನೇಕಾರನದು, ನೂಲು ಸಾಹುಕಾರನದು, ಬೆಲೆಯೂ ಸಾಹುಕಾರನದು. ಮದುವೆಗೋ ಕಾಯಿಲೆಗೋ ಪಡೆದ ಮುಂಗಡ ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ. ಈ ಸಾಹುಕಾರ ಅನೇಕ ಕಡೆ ಅದೇ ಜಾತಿಯವನು. ಗುಡಿಯ ಧರ್ಮದರ್ಶಿಯೂ ಸಂಘದ ಅಧ್ಯಕ್ಷನೂ ವಿದ್ಯಾರ್ಥಿನಿಲಯದ ದಾನಿಯೂ ಅವನೇ ಆಗಿರುವುದುಂಟು. ವಿದ್ಯಾರ್ಥಿನಿಲಯಗಳಿಂದ ಆದ ಉಪಕಾರವನ್ನು ನಾನು ಕಡೆಗಣಿಸುವುದಿಲ್ಲ. ಎರಡು ತಲೆಮಾರಿನ ಓದು ಅವುಗಳಿಂದ ಸಾಧ್ಯವಾಯಿತು. ಆದರೆ ಸಮುದಾಯದ ಒಗ್ಗಟ್ಟನ್ನು ಕುರಿತು ಭಾಷಣ ಮಾಡುವವನೂ ಮಜೂರಿ ನಿಗದಿ ಮಾಡುವವನೂ ಒಬ್ಬನೇ ಆದಾಗ ಮಜೂರಿಯ ಪ್ರಶ್ನೆ ಸಭೆಯಲ್ಲಿ ಏಳುವುದಿಲ್ಲ. ಸಹಕಾರ ಸಂಘಗಳು, 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ, ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ, ಇವೆಲ್ಲ ಸಾಹುಕಾರನ ಹಿಡಿತದಿಂದ ಹೊರಗೊಂದು ದಾರಿ ತೆರೆಯುವ ಪ್ರಯತ್ನಗಳು. ಅಷ್ಟರಲ್ಲಿ ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿಯಂತಹ ಊರುಗಳಲ್ಲಿ ವಿದ್ಯುತ್ ಮಗ್ಗದ ಸದ್ದು ಬೆಳೆಯಿತು. ವಿದ್ಯುತ್ ಮಗ್ಗಕ್ಕೆ ಸೊಸೆಯ ಕುಶಲತೆ ಬೇಕಿಲ್ಲ, ಕೂಲಿಯಾಳು ಸಾಕು. ಒಳಮದುವೆಗಿದ್ದ ಕಸುಬಿನ ಕಾರಣ ಹೀಗೆ ಸಡಿಲವಾಯಿತು. ಒಳಮದುವೆ ಮಾತ್ರ ಸಡಿಲವಾಗಲಿಲ್ಲ.

ಗುರುತಿನ ಕೊನೆಯ ರಂಗಸ್ಥಳ ಸರ್ಕಾರದ ಪಟ್ಟಿ. 1901ರ ಜನಗಣತಿಯಲ್ಲಿ ಜಾತಿಗಳನ್ನು ಸಾಮಾಜಿಕ ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟಾಗ ದೇಶದ ಉದ್ದಗಲಕ್ಕೂ ಜಾತಿಸಭೆಗಳು ಮನವಿಗಳನ್ನು ಹೊತ್ತು ಬಂದವು. ನೇಕಾರರಲ್ಲಿ ಕೆಲವರು ಬ್ರಾಹ್ಮಣರೆಂದು, ಕೆಲವರು ಕ್ಷತ್ರಿಯರೆಂದು ಬರೆಸಲು ಬಯಸಿದರು. ಎರಡು ದಶಕ ಕಳೆಯುವಷ್ಟರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಾಳಿ ತಿರುಗಿತು. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ, ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಬ್ರಾಹ್ಮಣೇತರ ಸಮುದಾಯಗಳನ್ನು ಹಿಂದುಳಿದವೆಂದು ಪರಿಗಣಿಸಿತು. 1972ರಲ್ಲಿ ರಚನೆಯಾಗಿ 1975ರಲ್ಲಿ ವರದಿ ಕೊಟ್ಟ ಹಿಂದುಳಿದ ವರ್ಗಗಳ ಹಾವನೂರು ಆಯೋಗದ ತರುವಾಯ ಈ ವಿಂಗಡಣೆ ಇನ್ನಷ್ಟು ಸೂಕ್ಷ್ಮವಾಯಿತು. ಈಗ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನೇಯ್ಗೆಯ ಹಲವು ಸಮುದಾಯಗಳು ಪ್ರವರ್ಗ 2ಎ ಅಡಿಯಲ್ಲಿವೆ. ಜನಿವಾರದ ದಿನ ದೇವಲ ಮಹರ್ಷಿಯ ಸಂತತಿ, ಕಾಲೇಜಿಗೆ ಅರ್ಜಿ ಹಾಕುವ ದಿನ 2ಎ ಎಂದು ಹಾಸ್ಯ ಮಾಡುವವರಿದ್ದಾರೆ. ನನಗೆ ಇದರಲ್ಲಿ ಹಾಸ್ಯ ಕಾಣುವುದಿಲ್ಲ. ಮೇಲಿನವರೆಂಬ ಹಕ್ಕನ್ನು ಅವರು ಮಂಡಿಸಿದ್ದು ಗುಡಿಯ ಬಾಗಿಲಲ್ಲಿ, ಹಿಂದುಳಿದವರೆಂಬ ಹಕ್ಕನ್ನು ಮಂಡಿಸಿದ್ದು ಕಚೇರಿಯ ಬಾಗಿಲಲ್ಲಿ. ಆಯಾ ಬಾಗಿಲಲ್ಲಿ ಕೇಳುವ ಪ್ರಶ್ನೆಗೆ ತಕ್ಕ ಉತ್ತರ ಅದು. ಜಮೀನಿಲ್ಲದ, ಊರಿನ ಆಯದಲ್ಲಿ ಪಾಲಿಲ್ಲದ ಜನರ ಬಡತನ ಎಷ್ಟು ನಿಜವೋ ಅವರ ಜನಿವಾರವೂ ಅಷ್ಟೇ ನಿಜ.

ಇಂದು ಒಂದೇ ಓಣಿಯಲ್ಲಿ ಎರಡು ಬಗೆಯ ಕಾಗದಗಳು ಚಲಾವಣೆಯಲ್ಲಿವೆ. ತಹಶೀಲ್ದಾರರ ಕಚೇರಿ ಕೊಡುವ ಜಾತಿ ಪ್ರಮಾಣಪತ್ರಕ್ಕೆ ಮಗ್ಗ ಬೇಕಿಲ್ಲ, ವಂಶ ಸಾಕು. ಕೈಮಗ್ಗ ನೇಕಾರರ ಗುರುತಿನ ಚೀಟಿಗೆ ವಂಶ ಬೇಕಿಲ್ಲ, ಮಗ್ಗದ ಮೇಲೆ ದುಡಿಯುತ್ತಿರಬೇಕು. ಮಗ್ಗ ಮಾರಿ ಬೆಂಗಳೂರು ಸೇರಿದ ಮನೆತನದವರ ಕೈಯಲ್ಲಿ ಮೊದಲನೆಯದಿದೆ. ನೇಯ್ಗೆ ಕಲಿತು ಕೂಲಿಗೆ ಕೂತ ಕುರುಬರು, ಲಿಂಗಾಯತರು, ಮುಸಲ್ಮಾನರು, ದಲಿತರು ಎರಡನೆಯದಕ್ಕೆ ಅರ್ಹರು. ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಳು 2015ರಲ್ಲಿಯೂ 2025ರಲ್ಲಿಯೂ ಮನೆಬಾಗಿಲಿಗೆ ಬಂದಾಗ ಜಾತಿಯ ಅಂಕಣದಲ್ಲಿ ಒಳಪಂಗಡದ ಹೆಸರನ್ನು ಬರೆಸಬೇಕೋ, ಎಲ್ಲರೂ ಸೇರಿ ನೇಕಾರ ಎಂದೇ ಬರೆಸಬೇಕೋ ಎಂಬ ಪ್ರಶ್ನೆ ಈ ಸಮುದಾಯಗಳ ಮುಂದೆ ನಿಂತಿತು. ಬೇರೆಬೇರೆ ಹೆಸರಿನಲ್ಲಿ ಹಂಚಿಹೋದರೆ ಪ್ರತಿಯೊಂದರ ಸಂಖ್ಯೆಯೂ ಚಿಕ್ಕದಾಗಿ, ಟಿಕೆಟ್ ಹಂಚುವ ಪಕ್ಷಗಳ ಕಣ್ಣಿಗೆ ಬೀಳುವುದಿಲ್ಲ. ಒಂದೇ ಹೆಸರಿನಲ್ಲಿ ಸೇರಿದರೆ ದೇವಲ, ಭಾವನಾಋಷಿ, ಜಿಹ್ವೇಶ್ವರರನ್ನು ಒಂದೇ ಪೀಠದಲ್ಲಿ ಕೂರಿಸಬೇಕಾಗುತ್ತದೆ. ಒಕ್ಕೂಟದ ಪರವಾಗಿ ಮಾತನಾಡುವ ನಾಯಕರು ಮೊದಲನೆಯ ತೊಂದರೆಯನ್ನು ಚೆನ್ನಾಗಿ ವಿವರಿಸುತ್ತಾರೆ, ಎರಡನೆಯದನ್ನು ಮುಟ್ಟುವುದಿಲ್ಲ. ಈಗ ಮಗ್ಗದ ಮೇಲೆ ಕೂತಿರುವ ಬೇರೆ ಜಾತಿಯವರನ್ನು ನೇಕಾರ ಎಂಬ ಆ ಹೆಸರಿನೊಳಗೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದರಂತೂ ಸಭೆಯ ಕಾರ್ಯಸೂಚಿಯಲ್ಲಿ ಆ ವಿಷಯವೇ ಇರುವುದಿಲ್ಲ.